'ಚರ್ಚಿಸಿ' ಎನ್ನದೆ ಸಹಿ ಹಾಕಿ, ಡಾಕ್ಟ್ರೇ

ಇವರಿಗೆ,
ಮಾನ್ಯ ಪ್ಯಾನೆಲ್ ವೈದ್ಯರು
(ಹೆಸರು ಮತ್ತು ಕ್ಲಿನಿಕ್ಕಿನ ವಿಳಾಸವನ್ನು ಗೌರವದ ದೃಷ್ಟಿಯಿಂದ ಕೈಬಿಡಲಾಗಿದೆ)

ಮಾನ್ಯರೆ,

ವಿಷಯ: ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ರೆಫರಲ್ ಪತ್ರ ನೀಡದೇ ಇರುವ ತಮ್ಮ ಸಾಮರ್ಥ್ಯವನ್ನು ಅಭಿನಂದಿಸುವ ಕುರಿತು.

ಉಲ್ಲೇಖ: 1. ನನ್ನ ಮೌಖಿಕ ಕೋರಿಕೆ. 2. ನನ್ನ ಲಿಖಿತ ಕೋರಿಕೆ. 3. ನೆನಪೋಲೆಗಳು. 4. ಪ್ರತಿ ಸಲವೂ ತಮ್ಮ ಮುಗುಳ್ನಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಚಿತ್ರದುರ್ಗದ ಒಂದು ನಿಗಮದ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ಕಡತ ಯಾವಾಗ ಓಡುತ್ತದೆ, ಯಾವಾಗ ಕುಂಟುತ್ತದೆ, ಯಾರ ಮೇಜಿನ ಮೇಲೆ ಕಾಲು ಚಾಚಿ ಮಲಗುತ್ತದೆ ಎಂಬುದನ್ನು ನೋಡುತ್ತಲೇ ತಲೆ ಹಣ್ಣಾಗಿದೆ. ಹಾಗಾಗಿ ವಿಳಂಬದ ವಿಚಾರದಲ್ಲಿ ನಾನು ಯಾರನ್ನಾದರೂ ಹೊಗಳಿದರೆ ಅದನ್ನು ಬಲ್ಲವರ ಹೊಗಳಿಕೆ ಎಂದೇ ತಾವು ಸ್ವೀಕರಿಸಬೇಕು.

ನಮ್ಮಲ್ಲಿ ಕಡತ ತಡೆಯುವುದಕ್ಕೂ ಒಂದು ಶಾಸ್ತ್ರವಿದೆ. ಹೊಸಬರು ಬೀರುವಿನಲ್ಲಿಟ್ಟು ಮರೆಯುತ್ತಾರೆ. ಅದು ಬರೀ ಸೋಮಾರಿತನ, ತಪಾಸಣೆ ದಿನ ಸಿಕ್ಕಿಬೀಳುತ್ತದೆ. ಪಳಗಿದವರು ಆಕ್ಷೇಪಣೆ ಹಾಕುತ್ತಾರೆ: 'ಅನುಬಂಧ-3ರ ದೃಢೀಕೃತ ಪ್ರತಿ ಲಗತ್ತಿಸಿಲ್ಲ.' ಅವರಿಗೂ ಮೇಲಿನವರು ಅಂಚಿನಲ್ಲಿ ಹಸಿರು ಶಾಯಿಯಲ್ಲಿ 'ಚರ್ಚಿಸಿ' ಎಂದು ಬರೆದು ಪ್ರವಾಸ ಹೊರಡುತ್ತಾರೆ. ತಾವು ಈ ಮೂವರನ್ನೂ ಮೀರಿಸಿದ್ದೀರಿ. ಯಾಕೆಂದರೆ ತಾವು ಯಾವತ್ತೂ 'ಕೊಡುವುದಿಲ್ಲ' ಅನ್ನಲಿಲ್ಲ. ಅಂದಿದ್ದರೆ ಹಿಂಬರಹ ಕೊಡಿ ಎಂದು ಕೇಳಿ, ಅದನ್ನು ಹಿಡಿದು ಮೇಲಿನವರ ಬಳಿ ಹೋಗುತ್ತಿದ್ದೆ. ತಾವು ಅಂದದ್ದು, 'ಕೊಡೋಣಮ್ಮ, ಕೊಡದೆ ಏನು! ಅಷ್ಟು ಅರ್ಜೆಂಟ್ ಏನಿದೆ?' ಇದರ ಮೇಲೆ ಯಾವ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಲಿ ಹೇಳಿ.

ಒಂದು ಸಲವಂತೂ ಪತ್ರ ಹುಟ್ಟಿಯೇಬಿಟ್ಟಿತು ಅಂದುಕೊಂಡಿದ್ದೆ. ತಾವು ಡ್ರಾಯರಿನಿಂದ ಲೆಟರ್‌ಹೆಡ್ ತೆಗೆದಿರಿ. ಬಲತುದಿಯಲ್ಲಿ ದಿನಾಂಕ ಬರೆದಿರಿ. 'ಟು' ಎಂದು ಬರೆದು ಅದರ ಪಕ್ಕ ಅಲ್ಪವಿರಾಮವನ್ನೂ ಹಾಕಿದಿರಿ. ಆಮೇಲೆ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಪೆನ್ನಿಗೆ ಕ್ಯಾಪ್ ಹಾಕಿ, 'ಇನ್ನೊಂದು ಮೂರು ತಿಂಗಳು ಬಾಯಿ ಕಟ್ಟಿ ನೋಡಮ್ಮ, ಆಮೇಲೆ ಬರೆಯೋಣ' ಅಂದಿರಿ. ಕ್ಯಾಪ್ 'ಟಿಕ್' ಎಂದು ಕೂತ ಸದ್ದು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ನಮ್ಮ ಆಡಳಿತಾಧಿಕಾರಿಗಳಿಗೆ ತೋರಿಸಬೇಕು ಅನ್ನಿಸಿತು.

ಬಾಯಿ ಕಟ್ಟುವ ವಿಚಾರಕ್ಕೆ ಬರುತ್ತೇನೆ. 'ಅನ್ನ ಬಿಡಿ, ಮುದ್ದೆ ತಿನ್ನಿ' ಎಂದು ತಾವು ಅಪ್ಪಣೆ ಕೊಡಿಸಿದಿರಿ. ಸ್ವಾಮಿ, ನಾನು ಹೊಳಲ್ಕೆರೆ ಕಡೆಯ ಹಳ್ಳಿಯವಳು. ನಮ್ಮ ಮನೆಯಲ್ಲಿ ಮಕ್ಕಳಿಗೆ ಹಲ್ಲು ಬರುವ ಮೊದಲೇ ಮುದ್ದೆ ನುಂಗುವುದನ್ನು ಕಲಿಸುತ್ತಾರೆ. ಈ ನೂರಾ ನಾಲ್ಕು ಕೆಜಿಯಲ್ಲಿ ರಾಗಿಯ ಪಾಲು ಎಷ್ಟೆಂದು ಲೆಕ್ಕ ಹಾಕುವ ಯಂತ್ರ ಇದ್ದರೆ ತಾವು ಆ ಸಲಹೆಯನ್ನು ಹಿಂಪಡೆಯುತ್ತಿದ್ದಿರಿ. ಬಿಸಿನೀರಿಗೆ ಜೇನುತುಪ್ಪ, ನಿಂಬೆಹಣ್ಣು, ಜೀರಿಗೆ ಕಷಾಯ, ಏಳು ಗಂಟೆಗೆ ಮೊದಲೇ ಊಟ, ಕೋಟೆ ಹತ್ತುವುದು, ಇಳಿಯುವುದು, ಎಲ್ಲವೂ ಆಗಿವೆ. ಮೂರು ಬಾರಿ ಚೆನ್ನಾಗಿಯೇ ಇಳಿದಿದ್ದೆ. ಮೂರು ಬಾರಿಯೂ ಇಳಿದದ್ದು ಬಡ್ಡಿ ಸಮೇತ ಹಿಂದಿರುಗಿತು. ತೂಕ ಇಳಿದಾಗ ದೇಹ ಹಸಿವಿನ ಹಾರ್ಮೋನನ್ನು ಏರಿಸಿಕೊಂಡು, ಖರ್ಚನ್ನು ಕಡಿಮೆ ಮಾಡಿಕೊಂಡು ಹಳೆಯ ತೂಕಕ್ಕೆ ಎಳೆಯುತ್ತದೆ ಎಂಬುದು ವೈದ್ಯಕೀಯ ಪುಸ್ತಕದಲ್ಲೇ ಇರುವ ಮಾತು. ನಾನು ತಮಗೆ ಹೇಳಿಕೊಡುವುದು ಅಧಿಕಪ್ರಸಂಗ. ಆದರೆ ತಾವು ಅದನ್ನು 'ವಿಲ್‌ಪವರ್ ಇಲ್ಲ' ಎಂದು ಎರಡೇ ಪದಗಳಲ್ಲಿ ಸಂಕ್ಷೇಪಿಸಿದ್ದು ನನಗೆ ಬಹಳ ಹಿಡಿಸಿತು. ನಾವು ಗುಮಾಸ್ತರು ಹೀಗೆ ಸಾರಾಂಶ ಬರೆದರೆ ನೋಟಿಸು ಬರುತ್ತದೆ.

ಇನ್ನು ನನ್ನ ರಕ್ತದೊತ್ತಡದ ಕಥೆ. ತಮ್ಮ ಕ್ಲಿನಿಕ್ಕಿನಲ್ಲಿ ಬಿಪಿ ಪಟ್ಟಿ ಒಂದೇ ಇರುವುದು. ಸಿಸ್ಟರ್ ಅದನ್ನು ನನ್ನ ತೋಳಿಗೆ ಸುತ್ತುತ್ತಾರೆ, ಗಾಳಿ ತುಂಬುತ್ತಾರೆ, ವೆಲ್ಕ್ರೋ ಟರ್ರೆಂದು ಬಿಚ್ಚಿಕೊಳ್ಳುತ್ತದೆ. ಇನ್ನೊಮ್ಮೆ ಸುತ್ತಿ ಎಡಗೈಯಲ್ಲಿ ಅದನ್ನು ಬಿಗಿಯಾಗಿ ಅದುಮಿ ಹಿಡಿದು, ಬಲಗೈಯಲ್ಲಿ ಬಲ್ಬು ಒತ್ತುತ್ತಾ, 'ಅಲುಗಾಡಬೇಡ್ರಿ ಅಕ್ಕ' ಅನ್ನುತ್ತಾರೆ. ನಾನು ಅಲುಗಾಡುವುದಿಲ್ಲ. ಹೊರಗೆ ಬೆಂಚಿನ ಮೇಲೆ ಕೂತವರು ಅಲುಗಾಡಿ ನಗುವುದು ಕೇಳಿಸುತ್ತದೆ. ರೀಡಿಂಗು 160 ದಾಟುತ್ತದೆ. ತಾವು ನೋಡಿ, 'ಬಿಪಿ ಹತೋಟಿಗೆ ಬರದೆ ಆಪರೇಷನ್ ಮಾತೇ ಇಲ್ಲ' ಎಂದು ಮಾತ್ರೆ ಬರೆದು ಮುಂದಿನ ತಿಂಗಳಿಗೆ ಮುಂದೂಡುತ್ತೀರಿ. ತೋಳಿಗಿಂತ ಚಿಕ್ಕ ಪಟ್ಟಿ ಕಟ್ಟಿದರೆ ರಕ್ತದೊತ್ತಡ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. 2023ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಸಾಮಾನ್ಯ ಪಟ್ಟಿ ಕಟ್ಟಿ ನೋಡಿದಾಗ ಮೇಲಿನ ಅಂಕಿ ಸುಮಾರು 20ರಷ್ಟು ಏರಿತ್ತು. ನನ್ನ ತಮ್ಮನ ಹೆಂಡತಿ ದಾವಣಗೆರೆಯಲ್ಲಿ ನರ್ಸು; ಅವಳು ದೊಡ್ಡ ಪಟ್ಟಿ ಕಟ್ಟಿ ನೋಡಿದಾಗ 138 ಬಂತು. ಅದನ್ನು ತಮಗೆ ಹೇಳಿದೆ. 'ಮನೆ ರೀಡಿಂಗು ಲೆಕ್ಕಕ್ಕಿಲ್ಲ' ಅಂದಿರಿ. ಹೀಗೆ ನನ್ನ ರೆಫರಲ್ ಒಂದು ತುಂಡು ಬಟ್ಟೆಯ ಅಳತೆಯ ಮೇಲೆ ನಿಂತಿತು. ಆ ಬಟ್ಟೆಯನ್ನು ದೊಡ್ಡದು ತರಿಸಲು ಇಂಡೆಂಟ್ ಹಾಕಿದ್ದೀರಾ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕಚೇರಿಯವಳಾದ್ದರಿಂದ ಇಂಡೆಂಟಿನ ಗತಿಯೂ ನನಗೆ ಗೊತ್ತು.

ಪರೀಕ್ಷೆಗಳ ಬಗ್ಗೆ ನನಗೆ ತಕರಾರಿಲ್ಲ. ಥೈರಾಯ್ಡ್, ಕಾರ್ಟಿಸಾಲ್, ಹೊಟ್ಟೆಯ ಸ್ಕ್ಯಾನಿಂಗ್, ಡಯಟೀಷಿಯನ್, ಮನೋವೈದ್ಯರು, ರಾತ್ರಿ ಮೈಗೆಲ್ಲ ವೈರು ಅಂಟಿಸಿಕೊಂಡು ಮಲಗುವ ನಿದ್ದೆ ಪರೀಕ್ಷೆ, ಇವೆಲ್ಲ ಬೇಕಾದವೇ. ಆಪರೇಷನ್ ಮಾಡುವ ಬೆಂಗಳೂರಿನ ಸರ್ಜನ್ನೂ ಕೇಳುವವೇ. ತಮ್ಮ ಪ್ರತಿಭೆ ಇರುವುದು ಅವುಗಳನ್ನು ಒಂದಾದ ಮೇಲೊಂದರಂತೆ ಬರೆದುಕೊಡುವುದರಲ್ಲಿ. ಥೈರಾಯ್ಡ್ ರಿಪೋರ್ಟು ಬಂದ ಮೇಲೆ ಕಾರ್ಟಿಸಾಲ್. ಅದು ಬಂದ ಮೇಲೆ ಸ್ಕ್ಯಾನಿಂಗ್. ನಿದ್ದೆ ಪರೀಕ್ಷೆಗೆ ಬೇರೆ ಊರಿನಲ್ಲಿ ಪಾಳಿ ಹಚ್ಚಿ ವರದಿ ತರುವಷ್ಟರಲ್ಲಿ ಥೈರಾಯ್ಡ್ ರಿಪೋರ್ಟು 'ಹಳೇದಾಯ್ತಲ್ಲ ಅಮ್ಮ'. ಆಹಾರದ ದಿನಚರಿ ಬರೆಯಲು ಹೇಳಿದಿರಿ. ಇನ್ನೂರು ಪುಟದ ನೋಟ್‌ಬುಕ್ಕು ತುಂಬಿಸಿ ತಂದೆ. ತಾವು ನಡುವೆ ಎಲ್ಲೋ ಒಂದು ಪುಟ ತೆರೆದು, 'ಇಲ್ಲಿ ಪಲ್ಯಕ್ಕೆ ಒಗ್ಗರಣೆ ಎಷ್ಟು ಚಮಚ ಬರೆದಿಲ್ಲ' ಅಂದಿರಿ. ಅನುಬಂಧ-3 ನೆನಪಾಗಿ ಕಣ್ಣು ತುಂಬಿ ಬಂತು. ನಮ್ಮವರೇ ಅನ್ನಿಸಿತು.

ಈಗ ಸ್ವಲ್ಪ ನಿಯಮದ ಮಾತು. ನಮ್ಮ ನಿಗಮದ ಗುಂಪು ಆರೋಗ್ಯ ವಿಮೆಯಲ್ಲಿ ಈ ಶಸ್ತ್ರಚಿಕಿತ್ಸೆ ಇದೆ. ಹಿಂದೆ ಬಹಳಷ್ಟು ಪಾಲಿಸಿಗಳು ಬೊಜ್ಜಿನ ಚಿಕಿತ್ಸೆ ಎಂದರೆ ಅದು ಚಂದ ಕಾಣುವುದಕ್ಕೆ ಎಂದು ಬಾಗಿಲು ಹಾಕುತ್ತಿದ್ದವು. 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಒಂದು ಸುತ್ತೋಲೆ ಹೊರಡಿಸಿ, ಯಾವಾಗ ಕೊಡಬಹುದು ಎಂಬ ಷರತ್ತುಗಳನ್ನು ಒಂದೇ ಒಕ್ಕಣೆಯಲ್ಲಿ ಬರೆದಿಟ್ಟಿತು. ವೈದ್ಯರ ಸಲಹೆ ಇರಬೇಕು. ವಯಸ್ಸು 18 ದಾಟಿರಬೇಕು. ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಇಲ್ಲವೇ 35 ದಾಟಿದ್ದು, ಜೊತೆಗೆ ಹೃದಯದ ತೊಂದರೆಯೋ, ನಿದ್ದೆಯಲ್ಲಿ ಉಸಿರು ನಿಲ್ಲುವ ತೀವ್ರ ಕಾಯಿಲೆಯೋ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆಯೋ ಇರಬೇಕು, ಅದೂ ಸರಳ ವಿಧಾನಗಳೆಲ್ಲ ಸೋತ ಮೇಲೆ.

ನನ್ನ ಎತ್ತರ 156 ಸೆಂಟಿಮೀಟರ್, ತೂಕ 104 ಕೆಜಿ. ಬಿಎಂಐ 42.7. ಅಂದರೆ ಇವತ್ತಿನ ತಾರೀಕಿಗೆ ನಾನು ಬೇರೆ ಯಾವ ಕಾಯಿಲೆಯ ಸಾಕ್ಷಿಯೂ ಇಲ್ಲದೆ ಅರ್ಹಳು. ತಾವು ಹೇಳುವುದು, 'ಮೊದಲು ಹತ್ತು ಪರ್ಸೆಂಟ್ ಇಳಿಸಿ ತೋರಿಸಿ, ಸಕ್ಕರೆ ಹತೋಟಿಗೆ ತನ್ನಿ, ಆಮೇಲೆ ಬರೆಯುತ್ತೇನೆ.' ಹತ್ತು ಪರ್ಸೆಂಟ್ ಇಳಿದರೆ ನನ್ನ ಬಿಎಂಐ ಸುಮಾರು 38.5. ಆಗ ನಾನು 40ರ ಬಾಗಿಲಿಂದ ಹೊರಗೆ, 35ರ ಬಾಗಿಲ ಮುಂದೆ. ಅಲ್ಲಿ ಸಕ್ಕರೆ 'ಹತೋಟಿಗೆ ಬಾರದ್ದು' ಆಗಿರಬೇಕು, ತಮ್ಮ ದಯದಿಂದ ಅದು ಹತೋಟಿಗೆ ಬಂದಿರುತ್ತದೆ. ಉಸಿರು ನಿಲ್ಲುವುದು 'ತೀವ್ರ' ಆಗಿರಬೇಕು. ನನ್ನ ವರದಿ ಪ್ರಕಾರ ನಾನು ಮಧ್ಯಮ ಪ್ರಮಾಣದಲ್ಲಿ ಮಾತ್ರ ಉಸಿರು ನಿಲ್ಲಿಸುತ್ತೇನಂತೆ. ಎಂದರೆ ತಮ್ಮ ಪರೀಕ್ಷೆಯಲ್ಲಿ ಫೇಲಾದರೆ ಪತ್ರ ಸಿಗುವುದಿಲ್ಲ, ಪಾಸಾದರೆ ದುಡ್ಡು ಸಿಗುವುದಿಲ್ಲ. ಹುಚ್ಚು ಬಿಡೋವರೆಗೂ ಮದುವೆ ಆಗೋಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡೋಲ್ಲ ಎಂದು ನಮ್ಮ ಹಿರಿಯರು ಬಹುಶಃ ರೆಫರಲ್ ಪತ್ರವನ್ನು ನೋಡಿಯೇ ಹೇಳಿರಬೇಕು. ಶಸ್ತ್ರಚಿಕಿತ್ಸೆಗೆ ಎರಡು ವಾರ ಮುಂಚೆ ಯಕೃತ್ತಿನ ಗಾತ್ರ ತಗ್ಗಲೆಂದು ಸರ್ಜನ್ನರು ಪಥ್ಯ ಮಾಡಿಸುವುದುಂಟು. ಅದು ಬೇರೆ, ಅದಕ್ಕೊಂದು ಕಾರಣವಿದೆ. 'ಮೊದಲು ಇಳಿಸಿ ತೋರಿಸು' ಎಂಬ ವಿಮೆಯವರ ಷರತ್ತಿಗೆ ವೈಜ್ಞಾನಿಕ ಆಧಾರವಿಲ್ಲ ಎಂದು ಅಮೆರಿಕದ ಬೇರಿಯಾಟ್ರಿಕ್ ಸರ್ಜನ್ನರ ಸಂಘ 2016ರಲ್ಲೇ ಬರೆದಿದೆ. ನಮ್ಮಲ್ಲಿ ವಿಮೆಯವರೂ ಹಾಕದ ಷರತ್ತನ್ನು ತಾವು ಸ್ವಂತ ಜವಾಬ್ದಾರಿಯಲ್ಲಿ ಹಾಕಿದ್ದೀರಿ.

ಆ 40, ಆ 35 ಎಲ್ಲಿಂದ ಬಂದವು ಎಂಬ ಕುತೂಹಲಕ್ಕೆ ನೋಡಿದೆ. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ಸಭೆಯೊಂದರಲ್ಲಿ ಗೊತ್ತುಮಾಡಿದ ಅಂಕಿಗಳಂತೆ. ಆಗ ನಾನು ಎರಡು ಜಡೆ ಹಾಕಿಕೊಂಡು ಶಾಲೆಗೆ ಓಡುತ್ತಿದ್ದೆ, ಹೌದು, ಓಡುತ್ತಿದ್ದೆ. 2009ರಲ್ಲಿ ನಮ್ಮ ದೇಶದ ತಜ್ಞರು ಸೇರಿ, ಭಾರತೀಯರಿಗೆ ಕಡಿಮೆ ತೂಕದಲ್ಲೇ ಸಕ್ಕರೆ, ಹೃದಯದ ತೊಂದರೆ ಶುರುವಾಗುತ್ತದೆ, ನಮಗೆ 37.5 ಮತ್ತು 32.5 ಸರಿ ಅಂದರು. 2022ರಲ್ಲಿ ಅಮೆರಿಕದ ಆ ಬೇರಿಯಾಟ್ರಿಕ್ ಸರ್ಜನ್ನರೇ ತಮ್ಮ ಅಂತಾರಾಷ್ಟ್ರೀಯ ಸಂಘದ ಜೊತೆ ಕೂತು 35 ಇದ್ದರೆ ಸಾಕು, ಬೇರೆ ಕಾಯಿಲೆ ಇರಲೇಬೇಕೆಂದಿಲ್ಲ, ಏಷ್ಯಾದವರಿಗೆ 27.5ರಿಂದಲೇ ಆಲೋಚಿಸಿ ಎಂದು ಬರೆದರು. ನಾನು ಈ ಎಲ್ಲ ಗೆರೆಗಳನ್ನೂ ದಾಟಿ ಬಹಳ ದೂರ ಬಂದು ತಮ್ಮ ಬೆಂಚಿನ ಮೇಲೆ ಕೂತಿದ್ದೇನೆ.

'ಕಾಯುವುದೂ ಒಂದು ಚಿಕಿತ್ಸೆನೇ ಅಮ್ಮ' ಎಂದು ತಾವೊಮ್ಮೆ ತತ್ತ್ವ ಹೇಳಿದಿರಿ. ಅದನ್ನೂ ಅಳೆದಿದ್ದಾರೆ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ಅಧ್ಯಯನವೊಂದು, ಆಪರೇಷನ್ ಮಾಡಿಸಿಕೊಂಡ ಎರಡು ಸಾವಿರ ಜನರನ್ನೂ ಮಾಮೂಲಿ ಚಿಕಿತ್ಸೆಯಲ್ಲೇ ಇದ್ದ ಅಷ್ಟೇ ಜನರನ್ನೂ ವರ್ಷಗಟ್ಟಲೆ ಹಿಂಬಾಲಿಸಿತು. 2007ರಲ್ಲಿ ಬಂದ ಫಲಿತಾಂಶದ ಪ್ರಕಾರ ಆಪರೇಷನ್ ಆದವರಲ್ಲಿ ಸತ್ತವರು ಕಡಿಮೆ.

ಹೋಲಿಕೆ ಮಾಡಬಾರದು, ಆದರೂ ಮಾಡುತ್ತೇನೆ. ನಮ್ಮ ಲೆಕ್ಕಪತ್ರ ಶಾಖೆಯವರೊಬ್ಬರಿಗೆ ಪಿತ್ತಕೋಶದಲ್ಲಿ ಕಲ್ಲು. ಮಧ್ಯಾಹ್ನ ತಮ್ಮಲ್ಲಿಗೆ ಬಂದರು, ಸಂಜೆ ಆಫೀಸು ಬಿಡುವ ಮುಂಚೆ ಪತ್ರ ಹಿಡಿದು ವಾಪಸ್ಸು ಬಂದರು. ದಿನಾ ಸಂಜೆ ಗಾಡಿ ಪಕ್ಕ ನಿಂತು ಮಂಡಕ್ಕಿ ಮೆಣಸಿನಕಾಯಿ ತಿನ್ನುವ ಮನುಷ್ಯ. ಮೊದಲು ಮೆಣಸಿನಕಾಯಿ ಬಿಟ್ಟು ಅರ್ಧ ಕಲ್ಲು ಕರಗಿಸಿ ತೋರಿಸು ಎಂದು ಅವರಿಗೆ ತಾವು ಹೇಳಲಿಲ್ಲ. ಹೇಳಬಾರದು ಕೂಡ. ಅವರದು ಕಾಯಿಲೆ. ನನ್ನದು ಏನು ಎಂಬುದನ್ನು ತಾವು ಇದುವರೆಗೆ ಬಾಯಿಬಿಟ್ಟು ಹೇಳಿಲ್ಲ, ಆದರೆ ಪೆನ್ನಿಗೆ ಕ್ಯಾಪ್ ಹಾಕುವ ರೀತಿಯಲ್ಲೇ ತಿಳಿಯುತ್ತದೆ. ಶಿಕ್ಷೆ ಮುಗಿಸಿದವರಿಗೆ ಮಾತ್ರ ಬಿಡುಗಡೆ ಪತ್ರ ಎಂಬಂತಿದೆ.

ಇದು ಅಡ್ಡದಾರಿ ಎಂದೂ ತಾವು ಅಂದಿರಿ. ಹೊಟ್ಟೆಯ ಸುಮಾರು ಮುಕ್ಕಾಲು ಭಾಗ ತೆಗೆಸಿಕೊಂಡು, ಆಮೇಲೆ ವಾರಗಟ್ಟಲೆ ನೀರು, ಗಂಜಿ, ಕಲಸಿದ ಆಹಾರದಲ್ಲಿ ಕಳೆದು, ಜೀವನ ಪೂರ್ತಿ ಬಿ12, ಕಬ್ಬಿಣ, ಕ್ಯಾಲ್ಸಿಯಂ ನುಂಗುತ್ತಾ, ವರ್ಷವರ್ಷ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳುವ ಅಡ್ಡದಾರಿ. ಇಷ್ಟು ಉದ್ದದ ಅಡ್ಡದಾರಿಯನ್ನು ನಾನು ಲೋಕೋಪಯೋಗಿ ಇಲಾಖೆಯ ನಕ್ಷೆಯಲ್ಲೂ ನೋಡಿಲ್ಲ. 'ಈಗ ಹೊಸ ಇಂಜೆಕ್ಷನ್ ಬಂದಿದೆಯಲ್ಲ' ಎಂದದ್ದೂ ನಿಜ. 2025ರಲ್ಲಿ ಮೌಂಜಾರೊ, ವೆಗೋವಿ ಎರಡೂ ನಮ್ಮ ದೇಶಕ್ಕೆ ಬಂದವು. ಅದರ ತಿಂಗಳ ಖರ್ಚನ್ನು ನಮ್ಮ ವಿಮೆ ಕೊಡುವುದಿಲ್ಲ, ನನ್ನ ಸಂಬಳವೂ ಕೊಡುವುದಿಲ್ಲ. ಅದನ್ನು ಅಲ್ಲಿಗೇ ಬಿಡೋಣ.

ತಮಗೆ ಒಂದು ಸಂತೋಷದ ಸುದ್ದಿ ತಿಳಿಸಬೇಕು. ಸರ್ಕಾರ ನಮ್ಮಂಥವರ ಬಗ್ಗೆ ಬಹಳ ಕಾಳಜಿ ತೋರಿಸುತ್ತಿದೆ. 2025ರ ಫೆಬ್ರವರಿಯಲ್ಲಿ ಪ್ರಧಾನಿಯವರು 'ಮನ್ ಕಿ ಬಾತ್'ನಲ್ಲಿ ಅಡುಗೆ ಎಣ್ಣೆಯನ್ನು ಶೇಕಡ 10ರಷ್ಟು ಕಡಿಮೆ ಮಾಡಲು ಕರೆ ಕೊಟ್ಟರು. ಅದೇ ವರ್ಷ ಕೇಂದ್ರ ಆರೋಗ್ಯ ಸಚಿವಾಲಯ, ಕಚೇರಿಗಳಲ್ಲಿ ಎಣ್ಣೆ ಮತ್ತು ಸಕ್ಕರೆಯ ಫಲಕ ಹಾಕಿ, ಲೆಟರ್‌ಹೆಡ್ಡು, ಲಕೋಟೆಗಳ ಮೇಲೂ ಬೊಜ್ಜಿನ ವಿರುದ್ಧ ಸಂದೇಶ ಅಚ್ಚು ಮಾಡಿಸಿ ಎಂದು ಕೇಂದ್ರದ ಇತರ ಸಚಿವಾಲಯ, ಇಲಾಖೆಗಳಿಗೆ ಬರೆಯಿತು. ಅಂದರೆ ಮುಂದೊಂದು ದಿನ ಬೊಜ್ಜಿನ ವಿರುದ್ಧ ಹೋರಾಡಿ ಎಂದು ತಲೆಯ ಮೇಲೆ ಅಚ್ಚಾಗಿರುವ ಕಾಗದದಲ್ಲೇ, ಬೊಜ್ಜಿನ ರೋಗಿಯ ಅರ್ಜಿ ಪರಿಶೀಲನೆಯಲ್ಲಿದೆ ಎಂಬ ಉತ್ತರ ಬರಬಹುದು. ಕಾಗದ ಉಳಿಯುತ್ತದೆ.

ಕಾಲಮಿತಿಯ ವಿಷಯವನ್ನೂ ಹೇಳಿಬಿಡುತ್ತೇನೆ, ಅದು ನನ್ನ ಕಸುಬಿಗೆ ಹತ್ತಿರದ್ದು. ಕರ್ನಾಟಕದಲ್ಲಿ 2012ರಿಂದ 'ಸಕಾಲ' ಇದೆ. ಪಟ್ಟಿಯಲ್ಲಿರುವ ಸೇವೆಯನ್ನು ನಾವು ಗಡುವು ಮೀರಿ ಕೊಟ್ಟರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ, ಅದೂ ತಪ್ಪಿತಸ್ಥರ ಜೇಬಿನಿಂದ. 2024ರ ಮೇ ತಿಂಗಳಲ್ಲಿ ವಿಮಾ ಪ್ರಾಧಿಕಾರ ಮತ್ತೊಂದು ಸುತ್ತೋಲೆ ಹೊರಡಿಸಿ, ನಗದುರಹಿತ ಚಿಕಿತ್ಸೆಯ ಕೋರಿಕೆ ಬಂದರೆ ಕಂಪನಿ ಒಂದು ಗಂಟೆಯೊಳಗೆ ತೀರ್ಮಾನ ಹೇಳಬೇಕು, ಡಿಸ್ಚಾರ್ಜಿಗೆ ಮೂರು ಗಂಟೆಗಿಂತ ಹೆಚ್ಚು ಕಾಯಿಸಬಾರದು ಅಂದಿತು. ನನ್ನ ಕೋರಿಕೆಗೆ ಕಂಪನಿ ಒಂದು ಗಂಟೆಯಲ್ಲಿ ಉತ್ತರ ಕೊಡಲು ಸಿದ್ಧವಾಗಿ ಕೂತಿದೆ. ಆದರೆ ಆ ಗಡಿಯಾರ ಓಡಲು ಶುರುವಾಗಬೇಕಾದರೆ ತಮ್ಮ ಪತ್ರ ಬೇಕು. ತಮ್ಮ ಪತ್ರಕ್ಕೆ ಮಾತ್ರ ಯಾವ ಕಾಯ್ದೆಯಲ್ಲೂ ಗಡಿಯಾರ ಇಟ್ಟಿಲ್ಲ. ಜಾಗ ನೋಡಿ ಕೂತಿದ್ದೀರಿ, ಡಾಕ್ಟ್ರೇ.

ವ್ಯಂಗ್ಯ ಬಿಟ್ಟು ಒಂದು ಸಾಲು. ನಾನು ತಮ್ಮಲ್ಲಿ ಆಪರೇಷನ್ ಕೇಳಲಿಲ್ಲ. ತಾವು ಮಾಡುವವರೂ ಅಲ್ಲ. 'ಇವರನ್ನು ಒಮ್ಮೆ ನೋಡಿ' ಎಂದು ಇನ್ನೊಬ್ಬ ವೈದ್ಯರಿಗೆ ಒಂದು ಕಾಗದ ಕೇಳಿದೆ. ಅಲ್ಲಿ ಸರ್ಜನ್, ಅರಿವಳಿಕೆ ತಜ್ಞರು, ಡಯಟೀಷಿಯನ್ನು, ಮನೋವೈದ್ಯರು ಎಲ್ಲರೂ ಕೂತು ನೋಡುತ್ತಾರೆ. ನೋಡಿ, 'ಈಕೆಗೆ ಬೇಡ' ಎಂದರೂ ಅನ್ನಬಹುದು. ಅಂದರೆ ಕೇಳಿಕೊಂಡು ಬರುತ್ತೇನೆ. ಬೇಡ ಅನ್ನಲೂ ತಿಳಿದವರು ನೋಡಿ ಅನ್ನಲಿ. ದಿನವೂ ಎರಡು ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುವವಳು ನಾನು. ರಾತ್ರಿ ನನ್ನ ಉಸಿರು ನಿಂತಾಗ ಬೆನ್ನು ತಟ್ಟಿ ಎಬ್ಬಿಸುವವಳು, ನಾಳೆ ಪಿಯುಸಿ ಪರೀಕ್ಷೆ ಇರುವ ನನ್ನ ಮಗಳು.

ಕೊನೆಯದಾಗಿ ಆಡಳಿತಾತ್ಮಕ ಸಲಹೆ. ನಮ್ಮಲ್ಲಿ ಸಾಹೇಬರು ಸಹಿ ಹಾಕದೆ ಕೂತರೆ ಗುಮಾಸ್ತರು ಒಂದು ಉಪಾಯ ಮಾಡುತ್ತಾರೆ. ಕರಡನ್ನು ತಾವೇ ಬರೆದು, ಟೈಪ್ ಮಾಡಿ, ಸಹಿ ಜಾಗಕ್ಕೆ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿ ಮಂಡಿಸುತ್ತಾರೆ. ನೂರಕ್ಕೆ ತೊಂಬತ್ತು ಸಲ ಕೆಲಸ ಆಗುತ್ತದೆ. ತಮ್ಮ ಶ್ರಮ ಉಳಿಸಲೆಂದು ಅದನ್ನೂ ಮಾಡಿದ್ದೇನೆ. ಓದಲು ಅರ್ಧ ನಿಮಿಷ ಸಾಕು. ದಿನಾಂಕ ತಾವು ಆಗಲೇ ಒಮ್ಮೆ ಬರೆದಿದ್ದಿರಿ, ಈಗ ಅದು ಹಳೆಯದಾಗಿರುವುದರಿಂದ ಖಾಲಿ ಬಿಟ್ಟಿದ್ದೇನೆ.

ಕರಡು ಅನುಮೋದನೆಗಾಗಿ ಸಲ್ಲಿಸಿದೆ:

'ಮಾನ್ಯ ಸಹೋದ್ಯೋಗಿಗಳೆ, ಈ ಪತ್ರ ತರುತ್ತಿರುವವರು 47 ವರ್ಷದ ಮಹಿಳೆ. ಎತ್ತರ 156 ಸೆಂ.ಮೀ., ತೂಕ 104 ಕೆಜಿ, ಬಿಎಂಐ 42.7. ಟೈಪ್ 2 ಸಕ್ಕರೆ ಕಾಯಿಲೆ ಮತ್ತು ಮಧ್ಯಮ ಪ್ರಮಾಣದ ಸ್ಲೀಪ್ ಅಪ್ನಿಯಾ ಇದೆ. ರಕ್ತದೊತ್ತಡವನ್ನು ತಮ್ಮಲ್ಲಿ ಸರಿಯಾದ ಅಳತೆಯ ಪಟ್ಟಿಯಿಂದ ಮತ್ತೊಮ್ಮೆ ನೋಡಲು ಕೋರಿದೆ. ಆಹಾರ ಮತ್ತು ವ್ಯಾಯಾಮದಿಂದ ಇಳಿದ ತೂಕ ಪ್ರತಿ ಸಲವೂ ಮರಳಿದೆ. ಬೇರಿಯಾಟ್ರಿಕ್ ಶಸ್ತ್ರಚಿಕಿತ್ಸೆಗೆ ಇವರು ಅರ್ಹರೇ ಎಂದು ಪರೀಕ್ಷಿಸಿ, ಮುಂದಿನ ಕ್ರಮ ಕೈಗೊಳ್ಳಲು ಕೋರುತ್ತೇನೆ. ವರದಿಗಳನ್ನು ಲಗತ್ತಿಸಿದೆ.'

ತಮ್ಮ ವಿಶ್ವಾಸಿ,
ನಿಗಮದ ಪ್ರಥಮ ದರ್ಜೆ ಸಹಾಯಕಿ

ಅಡಕ: ಮೇಲ್ಕಂಡ ವರದಿಗಳು (ಹಳೆಯವು ಮತ್ತು ಹಳೆಯವಾಗುತ್ತಿರುವವು), ಆಹಾರ ದಿನಚರಿ, ಒಗ್ಗರಣೆ ಚಮಚದ ಲೆಕ್ಕ ಪ್ರತ್ಯೇಕವಾಗಿ, ಕ್ಯಾಪ್ ಇಲ್ಲದ ಪೆನ್ನು ಒಂದು.